ಬಿಡದೆ ಕಾಡುವ ಕಾಲಿನ ತುರಿಕೆ

ಮಳೆಗಾಲದ ಒಂದು ಸಂಜೆ. ಸುಳ್ಯ ತಾಲೂಕಿನ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕದಂಥ ಘಟ್ಟದ ಬುಡದ ಊರುಗಳಲ್ಲಿ ಯಾವ ಮನೆಗೆ ಹೋದರೂ ಕಾಣುವ ನೋಟ ಒಂದೇ. ದಿನವಿಡೀ ತೋಟದಲ್ಲಿ ನೆನೆದು ಬಂದವರು ಒಲೆಯ ಪಕ್ಕದಲ್ಲೋ ಚಾವಡಿಯ ಮೂಲೆಯಲ್ಲೋ ಕುಳಿತು ಕಾಲ್ಬೆರಳ ಸಂದಿಯನ್ನು ಉಜ್ಜಿಕೊಳ್ಳುತ್ತಿರುತ್ತಾರೆ. ಮೊದಲು ಹಾಯೆನಿಸುತ್ತದೆ. ಆಮೇಲೆ ಉರಿ, ಮರುದಿನ ಮತ್ತೆ ತುರಿಕೆ. 'ಕೆಸರು ತಿಂದದ್ದು, ಮಳೆ ಬಿಟ್ಟರೆ ಸರಿಯಾಗುತ್ತದೆ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಕೆಲವರಿಗೆ ನಿಜಕ್ಕೂ ಸರಿಯಾಗುತ್ತದೆ. ಆದರೆ ದೀಪಾವಳಿ ಕಳೆದು ಅಡಿಕೆ ಅಂಗಳಕ್ಕೆ ಬಂದರೂ ತುರಿಕೆ ಬಿಡದಿದ್ದರೆ? ಪೇಟೆಯಿಂದ ತಂದ ಮುಲಾಮನ್ನು ಹಚ್ಚಿದಾಗ ಕಡಿಮೆಯಾಗಿ, ಬಿಟ್ಟೊಡನೆ ಇಮ್ಮಡಿಯಾಗಿ ಬಂದರೆ?

ಈ ವಾರ ನಿಮ್ಮೊಡನೆ ಆ ಬಗ್ಗೆಯೇ ಮಾತನಾಡಬೇಕಾಗಿದೆ. ತುರಿಕೆ ಎಂಬುದು ಒಂದು ರೋಗದ ಹೆಸರಲ್ಲ. ಜ್ವರದಂತೆ ಅದೂ ಒಂದು ಲಕ್ಷಣ. ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಹೇಗೆ ಸಲ್ಲದೋ ಹಾಗೆಯೇ ಕಾಲು ತುರಿಸುವವರಿಗೆಲ್ಲ ಒಂದೇ ಮುಲಾಮು ಸಲ್ಲದು. ಒಂದೇ ಮನೆಯಲ್ಲಿ ಅಪ್ಪನ ಕಾಲಿಗೆ ಬೂಷ್ಟು, ಅಮ್ಮನ ಕಾಲಿಗೆ ಚಪ್ಪಲಿಯ ಒಗ್ಗದಿಕೆ, ಮಗುವಿನ ಕಾಲಿಗೆ ಕಜ್ಜಿಯ ಹುಳ ಕಾರಣವಾಗಿರಬಹುದು. ಮೂವರೂ ಕಪಾಟಿನಲ್ಲಿರುವ ಒಂದೇ ಟ್ಯೂಬನ್ನು ಹಚ್ಚಿಕೊಂಡರೆ ಯಾರಿಗೂ ಪೂರ್ತಿ ಗುಣವಾಗದು.

ಮೊದಲು ಮೂರು ಪ್ರಶ್ನೆಗಳು

ವೈದ್ಯರ ಬಳಿಗೆ ಹೋಗುವ ಮುನ್ನ ಬೆಳಕಿನಲ್ಲಿ ಕುಳಿತು ನಿಮ್ಮ ಕಾಲನ್ನು ನೀವೇ ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು, ಎಲ್ಲಿ? ಬೆರಳ ಸಂದಿಯಲ್ಲೇ, ಅಂಗಾಲಿನಲ್ಲೇ, ಪಾದದ ಮೇಲ್ಭಾಗದಲ್ಲೇ ಅಥವಾ ಗೆಣ್ಣಿನ ಸುತ್ತವೇ? ಎರಡನೆಯದು, ಯಾವಾಗ? ಮಳೆಗಾಲದಲ್ಲೇ, ಹೊಸ ಪಾದರಕ್ಷೆ ಕೊಂಡ ಮೇಲೆಯೇ ಅಥವಾ ರಾತ್ರಿ ಮಲಗಿದ ಮೇಲೆಯೇ? ಮೂರನೆಯದು, ಯಾರಿಗೆಲ್ಲ? ನಿಮಗೊಬ್ಬರಿಗೇ ಅಥವಾ ಮನೆಮಂದಿಗೆಲ್ಲ?

ಈ ಮೂರಕ್ಕೆ ಉತ್ತರ ಸಿಕ್ಕಿದರೆ ಕಾರಣದ ಅರ್ಧ ದಾರಿ ಕ್ರಮಿಸಿದಂತೆ. ಈಗ ಒಂದೊಂದನ್ನಾಗಿ ನೋಡೋಣ.

ಬೆರಳ ಸಂದಿಯ ಬೂಷ್ಟು

ನಮ್ಮ ಜಿಲ್ಲೆಯಲ್ಲಿ ಸರಾಸರಿ ಮಳೆಯೇ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆ ನಾಲ್ಕು ತಿಂಗಳು ತೋಟದಲ್ಲಿ ದುಡಿಯುವವರ ಬೆರಳ ಸಂದಿ ಒಣಗುವುದೇ ಇಲ್ಲ. ನೆನೆದ ಚರ್ಮ ಬೆಳ್ಳಗಾಗಿ ಮೆತ್ತಗಾಗುತ್ತದೆ. ಶಿಲೀಂಧ್ರಕ್ಕೆ, ಎಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗೆ, ಇದಕ್ಕಿಂತ ಒಳ್ಳೆಯ ಗದ್ದೆ ಬೇರಿಲ್ಲ. ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಅದರ ಆಹಾರ.

ಸಾಮಾನ್ಯವಾಗಿ ಇದು ಮೊದಲು ಕಾಣುವುದು ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ. ಅಲ್ಲಿ ಬೆರಳುಗಳು ಒತ್ತೊತ್ತಾಗಿರುವುದರಿಂದ ಗಾಳಿ ಸುಳಿಯುವುದಿಲ್ಲ. ಚರ್ಮ ಬಿಳಿಚಿ ಪದರಪದರವಾಗಿ ಏಳುತ್ತದೆ, ಸೀಳು ಬೀಳುತ್ತದೆ, ವಾಸನೆ ಬರುತ್ತದೆ. ಕೆಲವರಲ್ಲಿ ಬೂಷ್ಟು ಅಂಗಾಲಿಗೂ ಹಬ್ಬುತ್ತದೆ. ಆಗ ಅಂಗಾಲು ಮತ್ತು ಪಾದದ ಅಂಚು ಒಣಗಿ, ಹಿಟ್ಟು ಉದುರಿದಂತೆ ಹೊಟ್ಟೇಳುತ್ತದೆ. ಇದನ್ನು ಬರೀ 'ಒಣ ಚರ್ಮ' ಎಂದುಕೊಂಡು ವರ್ಷಗಟ್ಟಲೆ ಎಣ್ಣೆ ಹಚ್ಚುವವರಿದ್ದಾರೆ. ಎರಡೂ ಪಾದ ಹೊಟ್ಟೆದ್ದು ಒಂದು ಅಂಗೈ ಮಾತ್ರ ಹಾಗೆಯೇ ಇದ್ದರೆ ಬೂಷ್ಟಿನ ಸಂಶಯ ಬಲವಾಗುತ್ತದೆ. ಉಗುರು ದಪ್ಪಗಾಗಿ ಹಳದಿಯಾಗಿ ಪುಡಿಯಾಗುತ್ತಿದ್ದರೆ ಬೂಷ್ಟು ಅಲ್ಲಿಯೂ ನೆಲೆಸಿರಬಹುದು. ಉಗುರನ್ನು ಗುಣಪಡಿಸದೆ ಚರ್ಮಕ್ಕಷ್ಟೇ ಮದ್ದು ಹಚ್ಚಿದರೆ ಕಾಯಿಲೆ ಪುನಃ ಪುನಃ ಬರುತ್ತದೆ.

ಚಿಕಿತ್ಸೆ ಕಷ್ಟದ್ದಲ್ಲ. ಬೆರಳ ಸಂದಿಗಷ್ಟೇ ಸೀಮಿತವಾಗಿದ್ದರೆ ಶೇಕಡಾ 1ರ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆ ಎರಡು ಬಾರಿ ಸುಮಾರು 4 ವಾರ ಹಚ್ಚಬೇಕು. ಟರ್ಬಿನಾಫಿನ್ ಇನ್ನೊಂದು ಮದ್ದು. ಅದರ ಅವಧಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಹಚ್ಚುವ ಮುನ್ನ ಕಾಲು ತೊಳೆದು ಪೂರ್ತಿ ಒಣಗಿಸಿ. ಕಾಯಿಲೆ ಕಾಣುವ ಜಾಗದಿಂದ ಎರಡು ಬೆರಳಗಲ ಹೊರಗಿನವರೆಗೂ ಹಚ್ಚಿ. ಬಹಳ ಹಿಂದಿನಿಂದ ಬಳಕೆಯಲ್ಲಿರುವ ವಿಟ್‌ಫೀಲ್ಡ್ ಮುಲಾಮು ಬೆಂಜೋಯಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲದ ಮಿಶ್ರಣ. ದಪ್ಪಗೆ ಹೊಟ್ಟೆದ್ದ ಅಂಗಾಲಿಗೆ ಅದು ಇಂದಿಗೂ ಉಪಯುಕ್ತವೇ. ಆದರೆ ಸೀಳಿದ ಚರ್ಮಕ್ಕೆ ಹಚ್ಚಿದರೆ ಉರಿ ತಾಳಲಾಗದು. ಅಂಗಾಲಿಗೋ ಉಗುರಿಗೋ ಹಬ್ಬಿದ್ದರೆ ಹೊಟ್ಟೆಗೆ ಮಾತ್ರೆ ಬೇಕಾಗಬಹುದು. ಅದನ್ನು ವೈದ್ಯರೇ ನಿರ್ಧರಿಸಲಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ತುರಿಕೆ ನಿಂತ ದಿನವೇ ಮದ್ದನ್ನೂ ನಿಲ್ಲಿಸಿಬಿಡುತ್ತಾರೆ. ನಾಲ್ಕಾರು ದಿನಕ್ಕೆ ತುರಿಕೆ ನಿಲ್ಲುವುದು ನಿಜ, ಆದರೆ ಬೂಷ್ಟಿನ ಬೇರು ಚರ್ಮದಲ್ಲಿ ಇನ್ನೂ ಇರುತ್ತದೆ. ನೀವು ಅಡಿಕೆ ಬೆಳೆಗಾರರಾಗಿದ್ದರೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನವೇ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಗೊನೆ ಚೆನ್ನಾಗಿಯೇ ಕಂಡರೂ 40-45 ದಿನಕ್ಕೆ ಮತ್ತೊಮ್ಮೆ ಹೊಡೆಯುತ್ತೀರಿ. ತೋಟಕ್ಕೆ ತೋರಿಸುವ ಈ ಶಿಸ್ತನ್ನು ಕಾಲಿಗೂ ತೋರಿಸಿದರೆ ಸಾಕು. ಹಾಗೆಂದು ಉಳಿದ ಬೋರ್ಡೋ ದ್ರಾವಣವನ್ನೋ ಮೈಲುತುತ್ತನ್ನೋ ಕಾಲಿಗೆ ಹಚ್ಚಬೇಡಿ, ಚರ್ಮ ಸುಟ್ಟೀತು.

ಮಿಶ್ರ ಮುಲಾಮಿನ ಮೋಸ

ಈಗ ಕಪಾಟಿನ ಆ ಟ್ಯೂಬಿನ ವಿಚಾರ. ಅಂಗಡಿಯಲ್ಲಿ 'ತುರಿಕೆಗೆ ಏನಾದರೂ ಕೊಡಿ' ಎಂದು ಕೇಳಿದರೆ ಹಲವು ಬಾರಿ ಕೈಗೆ ಬರುವುದು ಮೂರು ಮದ್ದುಗಳು ಬೆರೆತ ಮುಲಾಮು. ಒಂದು ಬೂಷ್ಟಿಗೆ, ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಸ್ಟೀರಾಯ್ಡ್. ಹಚ್ಚಿದ ಎರಡೇ ದಿನದಲ್ಲಿ ತುರಿಕೆ ಮಾಯವಾಗುವುದು ಸ್ಟೀರಾಯ್ಡಿನಿಂದ. ಆದರೆ ಅದು ಬೂಷ್ಟನ್ನು ಕೊಲ್ಲುವುದಿಲ್ಲ. ಬೂಷ್ಟಿನ ವಿರುದ್ಧ ಹೋರಾಡುತ್ತಿದ್ದ ಚರ್ಮದ ಶಕ್ತಿಯನ್ನೇ ಮಲಗಿಸುತ್ತದೆ. ಹೊರಗೆ ಶಾಂತವಾಗಿ ಕಂಡರೂ ಒಳಗೆ ಬೂಷ್ಟು ಹಬ್ಬುತ್ತಲೇ ಇರುತ್ತದೆ. ಮದ್ದು ಬಿಟ್ಟೊಡನೆ ಮೊದಲಿಗಿಂತ ದೊಡ್ಡದಾಗಿ ಕೆರಳುತ್ತದೆ. ಕಾಯಿಲೆಯ ರೂಪವೇ ಬದಲಾಗಿರುವುದರಿಂದ ವೈದ್ಯರಿಗೂ ಗುರುತಿಸಲು ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಗೆರೆಗೆರೆಯಾಗುತ್ತದೆ.

ಕಳೆದ ಒಂದೆರಡು ದಶಕಗಳಲ್ಲಿ ಭಾರತದಲ್ಲಿ ಗಜಕರ್ಣ ಜಾತಿಯ ಬೂಷ್ಟುರೋಗ ಸಾಮಾನ್ಯ ಮದ್ದಿಗೆ ಬಗ್ಗದ ಪಿಡುಗಾಗಿ ಬೆಳೆದಿದೆ. ಟರ್ಬಿನಾಫಿನ್ ಮದ್ದಿಗೆ ಹಲವು ಬಾರಿ ಜಗ್ಗದ ಒಂದು ಬೂಷ್ಟಿಗೆ 2020ರಲ್ಲಿ 'ಟ್ರೈಕೋಫೈಟಾನ್ ಇಂಡೋಟಿನಿಯೇ' ಎಂದು ಹೆಸರಿಡಲಾಯಿತು. ನಮ್ಮ ದೇಶದ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಈ ಪಿಡುಗು ಬೆಳೆಯಲು ಸ್ಟೀರಾಯ್ಡ್ ಮುಲಾಮುಗಳ ಮನಬಂದ ಬಳಕೆಯೂ ಒಂದು ಕಾರಣವೆಂದು ಚರ್ಮರೋಗ ತಜ್ಞರು ಎಚ್ಚರಿಸುತ್ತ ಬಂದಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದ್ದರಿಂದ ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಮುಂತಾದ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. ಸರಿಯಾದ ಕಾಯಿಲೆಗೆ, ವೈದ್ಯರು ಹೇಳಿದಷ್ಟು ದಿನಕ್ಕೆ ಅದು ಒಳ್ಳೆಯ ಮದ್ದೇ. ಬೂಷ್ಟಿಗೆ ಮಾತ್ರ ಸಲ್ಲದು.

ಹಾಗಾದರೆ ಬೂಷ್ಟೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಸಂಶಯವಿದ್ದರೆ ವೈದ್ಯರು ಹೊಟ್ಟಿನ ಒಂದಿಷ್ಟನ್ನು ಕೆರೆದು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಬೂಷ್ಟಿದ್ದರೆ ಎಳೆಎಳೆಯಾಗಿ ಕಾಣುತ್ತದೆ. ನೋವಿಲ್ಲದ, ಹೆಚ್ಚು ಖರ್ಚಿಲ್ಲದ ಪರೀಕ್ಷೆ. ಹೋಗುವ ಮುನ್ನ ಕೆಲವು ದಿನ ಮುಲಾಮು ಹಚ್ಚದಿದ್ದರೆ ಫಲಿತಾಂಶ ಸರಿಯಾಗಿ ಸಿಗುತ್ತದೆ.

ಚಪ್ಪಲಿ, ಗಂಬೂಟು ಮತ್ತು ಚೇರೆ ಮರ

ತುರಿಕೆ ಪಾದದ ಮೇಲ್ಭಾಗದಲ್ಲಿದ್ದು, ಹವಾಯಿ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲೇ ಅದೇ ಆಕಾರದಲ್ಲಿ ಚರ್ಮ ಕಪ್ಪಾಗಿ ಒರಟಾಗಿದೆಯೇ? ಹಾಗಿದ್ದರೆ ಅದು ಬೂಷ್ಟಲ್ಲ, ಒಗ್ಗದಿಕೆ. ರಬ್ಬರನ್ನು ಗಟ್ಟಿಗೊಳಿಸಲು ಬಳಸುವ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಚರ್ಮದ ಪಾದರಕ್ಷೆಯಾದರೆ ಹದ ಮಾಡಲು ಬಳಸುವ ಕ್ರೋಮಿಯಂ ಲವಣಗಳು ಕಾರಣವಾಗಬಹುದು. ವರ್ಷಗಟ್ಟಲೆ ಅದೇ ಬಗೆಯ ಚಪ್ಪಲಿ ಮೆಟ್ಟಿದವರಿಗೂ ಒಂದು ದಿನ ಇದ್ದಕ್ಕಿದ್ದಂತೆ ಒಗ್ಗದೆ ಹೋಗಬಹುದು. 'ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ' ಎಂಬ ವಾದಕ್ಕೆ ಚರ್ಮ ಕಿವಿಗೊಡುವುದಿಲ್ಲ.

ಗಂಬೂಟು ಹಾವು ಮತ್ತು ಇಂಬಳಗಳಿಂದ ಕಾಲನ್ನು ಕಾಯುತ್ತದೆ, ಅದನ್ನು ಬಿಡಿ ಎನ್ನುವಂತಿಲ್ಲ. ಆದರೆ ಬರಿಗಾಲಿಗೆ ಗಂಬೂಟು ಏರಿಸಿದರೆ ಬೆವರೂ ರಬ್ಬರೂ ಸೇರಿ ಚರ್ಮವನ್ನು ಕೆಡಿಸುತ್ತವೆ. ಒಳಗೆ ದಪ್ಪ ಹತ್ತಿಯ ಕಾಲುಚೀಲ ಧರಿಸಿ. ಒಗ್ಗದಿಕೆ ಖಚಿತವಾದರೆ ಬೇರೆ ವಸ್ತುವಿನಿಂದ ಮಾಡಿದ ಪಾದರಕ್ಷೆಗೆ ಬದಲಾಯಿಸಿ. ಇಲ್ಲಿ ಮುಲಾಮಿಗಿಂತ ಚಪ್ಪಲಿ ಬದಲಿಸುವುದೇ ದೊಡ್ಡ ಮದ್ದು. ಯಾವ ವಸ್ತು ಒಗ್ಗದು ಎಂಬುದನ್ನು ತಿಳಿಯಲು ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆಯೂ ಉಂಟು.

ಕಾಡಂಚಿನಲ್ಲಿ ಓಡಾಡುವವರಿಗೆ ಚೇರೆ ಮರದ ಸೊನೆಯ ಕಥೆ ಗೊತ್ತಿದೆ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಅದೇ ಕುಟುಂಬದ್ದು. ತಗುಲಿದ ಒಂದೆರಡು ದಿನಕ್ಕೆ ನೀರುಗುಳ್ಳೆ, ಊತ, ವಿಪರೀತ ತುರಿಕೆ ಬರುತ್ತದೆ. ತಗುಲಿದೆಯೆಂದು ತಿಳಿದೊಡನೆ ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯುವುದು ಮೊದಲ ಕೆಲಸ.

ಇನ್ನು, ಅಂಗಾಲಿನ ಅಂಚಿನಲ್ಲಿ ಸಬ್ಬಕ್ಕಿಯಂಥ ನೀರುಗುಳ್ಳೆಗಳು ಎದ್ದು ಅಸಾಧ್ಯ ತುರಿಕೆಯಾದರೆ ಅದು ಒಂದು ಬಗೆಯ ಇಸಬು ಇರಬಹುದು. ಬೆವರು, ಮನಸ್ಸಿನ ಒತ್ತಡ, ಒಗ್ಗದಿಕೆ ಇವೆಲ್ಲ ಅದನ್ನು ಕೆರಳಿಸುತ್ತವೆ. ಸ್ಟೀರಾಯ್ಡ್ ಮುಲಾಮು ಕೆಲಸಕ್ಕೆ ಬರುವುದು ಇಂಥ ಕಡೆ. ಆದರೆ ಬೂಷ್ಟಲ್ಲವೆಂದು ಖಚಿತವಾದ ಮೇಲೆ.

ರಾತ್ರಿಯ ತುರಿಕೆ, ಮನೆಮಂದಿಯ ತುರಿಕೆ

ಹಗಲಿಡೀ ಸುಮ್ಮನಿದ್ದು ರಾತ್ರಿ ಹೊದ್ದು ಮಲಗಿದೊಡನೆ ತುರಿಕೆ ಶುರುವಾಗುತ್ತದೆಯೇ? ಕೈಬೆರಳ ಸಂದಿ, ಮಣಿಕಟ್ಟು, ಸೊಂಟ, ಹೊಕ್ಕಳ ಸುತ್ತಲೂ ಗುಳ್ಳೆಗಳಿವೆಯೇ? ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆಯೇ? ಹೌದಾದರೆ ಅದು ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳವೊಂದು ಚರ್ಮದಲ್ಲಿ ಬಿಲ ತೋಡಿ ಮೊಟ್ಟೆಯಿಡುವುದರಿಂದ ಬರುವ ಕಾಯಿಲೆ. ಕೂಸುಗಳಲ್ಲಿ ಅಂಗಾಲು ಮತ್ತು ಅಂಗೈಗೂ ಇದು ಬರುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಆದ್ದರಿಂದ ತುರಿಕೆಯಿಲ್ಲದವರಲ್ಲೂ ಹುಳವಿರಬಹುದು.

ಇದಕ್ಕೆ ಶೇಕಡಾ 5ರ ಪರ್ಮೆತ್ರಿನ್ ಮುಲಾಮನ್ನು ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಬುಡವನ್ನೂ ಬಿಡದೆ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಬೇಕು. ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಕೂಸುಗಳಿಗೆ ಹೇಗೆ ಹಚ್ಚಬೇಕೆಂದು ವೈದ್ಯರನ್ನು ಕೇಳಿ. ಮುಖ್ಯವಾದ ಮಾತೆಂದರೆ ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಒಬ್ಬರನ್ನು ಬಿಟ್ಟರೂ ಅವರಿಂದ ಮತ್ತೆ ಎಲ್ಲರಿಗೂ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ದಿನ ಕಟ್ಟಿಡಿ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುವುದು ಸಹಜ, ಗಾಬರಿ ಬೇಡ.

ಇಂಬಳ ಮತ್ತು ಮಣ್ಣಿನ ಹುಳಗಳು

ನಸುಕಿನಲ್ಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಸೊಪ್ಪು ತರಲು ಗುಡ್ಡ ಹತ್ತುವವರು ಇಂಬಳದ ಋಣದಿಂದ ಪಾರಾಗುವುದುಂಟೇ? ಇಂಬಳ ಕಚ್ಚುವಾಗ ನೋವೇ ತಿಳಿಯದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಗಾಯಕ್ಕೆ ಸೇರಿಸುವುದರಿಂದ ಬಿದ್ದುಹೋದ ಮೇಲೂ ರಕ್ತ ಹರಿಯುತ್ತದೆ. ಆ ರಸಕ್ಕೆ ಚರ್ಮ ಕೆರಳಿ, ಕಚ್ಚಿದ ಜಾಗ ದಿನಗಟ್ಟಲೆ, ಕೆಲವರಲ್ಲಿ ವಾರಗಟ್ಟಲೆ ತುರಿಸುತ್ತದೆ. ಇಂಬಳವನ್ನು ಜಗ್ಗಿ ಕೀಳದೆ, ಅದರ ಬಾಯಿಯ ಬುಡಕ್ಕೆ ಉಗುರು ತಾಗಿಸಿ ಬದಿಗೆ ಸರಿಸಿ ಬಿಡಿಸಿ. ಗಾಯವನ್ನು ಸಾಬೂನಿನಿಂದ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ತುರಿಸಿದಾಗ ಉಗುರಿನ ಬದಲು ತಣ್ಣೀರಿನ ಬಟ್ಟೆ ಇಡಿ. ಹಳೆಯ ಕಡಿತವೊಂದು ಗಂಟುಗಟ್ಟಿ ತಿಂಗಳುಗಟ್ಟಲೆ ತುರಿಸುತ್ತಿದ್ದರೆ ತುರಿಸಿ ತುರಿಸಿಯೇ ಅಲ್ಲಿನ ಚರ್ಮ ದಪ್ಪಗಾಗಿರುತ್ತದೆ. ದಪ್ಪಗಾದಷ್ಟೂ ತುರಿಕೆ, ತುರಿಸಿದಷ್ಟೂ ದಪ್ಪ. ಈ ಸುತ್ತನ್ನು ಮುರಿಯಲು ವೈದ್ಯರ ನೆರವು ಬೇಕು.

ಬರಿಗಾಲಿನಲ್ಲಿ ನಡೆಯುವವರಿಗೆ ಇನ್ನೊಂದು ಅಪಾಯ ಕೊಕ್ಕೆಹುಳ. ಮಲದಿಂದ ಕಲುಷಿತವಾದ ತೇವದ ಮಣ್ಣಿನಲ್ಲಿ ಇದರ ಮರಿಗಳು ಅಂಗಾಲಿನ ಚರ್ಮವನ್ನು ತೂರಿ ಒಳಹೊಗುತ್ತವೆ. ಹೊಕ್ಕಲ್ಲಿ ಕೆಲವು ದಿನ ತುರಿಕೆ, ಗುಳ್ಳೆ. ಅಲ್ಲಿಂದ ರಕ್ತದ ಮೂಲಕ ಶ್ವಾಸಕೋಶಕ್ಕೆ, ಕೊನೆಗೆ ಕರುಳಿಗೆ ಸೇರಿ ರಕ್ತ ಹೀರುತ್ತವೆ. ಕಾಲಿನ ತುರಿಕೆ ಮರೆತುಹೋಗಿರುತ್ತದೆ, ಆದರೆ ತಿಂಗಳುಗಳ ಬಳಿಕ ಮಗು ಬಿಳಿಚಿಕೊಂಡು ಸುಸ್ತಾಗುತ್ತದೆ. ನಾಯಿ, ಬೆಕ್ಕುಗಳ ಕೊಕ್ಕೆಹುಳದ ಮರಿ ನಮ್ಮ ಚರ್ಮ ಹೊಕ್ಕರೆ ಕರುಳಿಗೆ ಹೋಗುವ ದಾರಿ ತಿಳಿಯದೆ ಚರ್ಮದಡಿಯಲ್ಲೇ ಅಲೆಯುತ್ತದೆ. ಕೆಂಪು ದಾರದಂಥ ಡೊಂಕು ಗೆರೆ ದಿನದಿಂದ ದಿನಕ್ಕೆ ಮುಂದೆ ಸರಿಯುತ್ತಿದ್ದರೆ ಇದೇ ಎಂದು ತಿಳಿಯಿರಿ. ಎರಡಕ್ಕೂ ವೈದ್ಯರು ಕೊಡುವ ಹುಳದ ಮಾತ್ರೆಯಿಂದ ಗುಣವಿದೆ. ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳ ನಿವಾರಣಾ ದಿನದಂದು ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. 2015ರಲ್ಲಿ ಆರಂಭವಾದ ಕಾರ್ಯಕ್ರಮವಿದು. ಎಲ್ಲಕ್ಕಿಂತ ಮುಖ್ಯವಾಗಿ ಶೌಚಾಲಯ ಬಳಸಿ, ತೋಟಕ್ಕೆ ಬರಿಗಾಲಿನಲ್ಲಿ ಹೋಗಬೇಡಿ.

ಚರ್ಮದಲ್ಲಿ ಏನೂ ಕಾಣದಿದ್ದರೆ

ಗುಳ್ಳೆಯಿಲ್ಲ, ಹೊಟ್ಟಿಲ್ಲ, ಕೆಂಪಿಲ್ಲ, ಆದರೂ ತುರಿಕೆ. ಆಗ ಕಾರಣ ಪಾದದಲ್ಲಿಲ್ಲ, ಮೈಯೊಳಗಿದೆ ಎಂದು ಯೋಚಿಸಬೇಕು.

ಇದರಲ್ಲಿ ಅತಿ ಮುಖ್ಯವಾದುದನ್ನು ಮೊದಲು ಹೇಳಿಬಿಡುತ್ತೇನೆ. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಅಂಗಾಲು ಮತ್ತು ಅಂಗೈ ತುರಿಸತೊಡಗಿ, ರಾತ್ರಿ ಹೊತ್ತು ಹೆಚ್ಚಾಗಿ, ಚರ್ಮದಲ್ಲಿ ಏನೂ ಕಾಣದಿದ್ದರೆ, 'ಬಸುರಿಗೆ ಇದೆಲ್ಲ ಇದ್ದದ್ದೇ' ಎಂದು ಸುಮ್ಮನಿರಬೇಡಿ. ಪಿತ್ತಜನಕಾಂಗದಲ್ಲಿ ಪಿತ್ತರಸದ ಹರಿವು ಕುಂಠಿತವಾಗಿ ಪಿತ್ತಾಮ್ಲಗಳು ರಕ್ತದಲ್ಲಿ ಸೇರುವುದರಿಂದ ಹೀಗಾಗಬಹುದು. ತಾಯಿಗೆ ತುರಿಕೆಯಷ್ಟೇ. ಆದರೆ ಪಿತ್ತಾಮ್ಲ ಬಹಳ ಏರಿದರೆ ಹೊಟ್ಟೆಯೊಳಗಿನ ಮಗುವಿನ ಜೀವಕ್ಕೇ ಅಪಾಯ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಅದೇ ದಿನ, ಹೆಚ್ಚೆಂದರೆ ಮರುದಿನ, ಹೆರಿಗೆ ತಜ್ಞರನ್ನು ಕಾಣಿರಿ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕಾಮಾಲೆ, ಮೂತ್ರಪಿಂಡದ ವೈಫಲ್ಯ, ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆ, ಕೆಲವು ಔಷಧಿಗಳು ಕೂಡ ಮೈತುರಿಕೆಗೆ ಕಾರಣವಾಗುತ್ತವೆ. ಗೆಣ್ಣಿನ ಒಳಬದಿ ಕಪ್ಪಾಗಿ ತುರಿಸುತ್ತಿದ್ದು, ಮೇಲೆ ಕಾಲಿನಲ್ಲಿ ನೀಲಿ ನರಗಳು ಉಬ್ಬಿದ್ದರೆ ರಕ್ತ ಮೇಲಕ್ಕೆ ಹರಿಯದೆ ನಿಲ್ಲುತ್ತಿದೆಯೆಂದು ಅರ್ಥ. ಅದಕ್ಕೆ ಕಾಲು ಎತ್ತರಿಸಿ ಮಲಗುವುದು, ವೈದ್ಯರು ಹೇಳಿದ ಬಿಗಿ ಪಟ್ಟಿ ಧರಿಸುವುದು ಮದ್ದು. ವಯಸ್ಸಾದವರಿಗೆ ಚಳಿಗಾಲದಲ್ಲಿ ಬರೀ ಒಣಚರ್ಮದಿಂದಲೂ ತುರಿಕೆ ಬರುತ್ತದೆ. ಸ್ನಾನವಾದ ಕೂಡಲೇ ಚರ್ಮ ಇನ್ನೂ ಹಸಿಯಾಗಿರುವಾಗ ಹಚ್ಚಿದ ಕೊಬ್ಬರಿ ಎಣ್ಣೆ ಅದಕ್ಕೆ ಸಾಕು. ಆದರೆ ಅದೇ ಎಣ್ಣೆಯನ್ನು ಬೆರಳ ಸಂದಿಗೆ ತುಂಬಬೇಡಿ.

ಇದಕ್ಕೆ ವಿರುದ್ಧವಾದ ಒಂದು ಮಾತೂ ಇದೆ. ಕಾಲಿನಲ್ಲಿ ಬಿಳಿಚಿದ ಅಥವಾ ಕೆಂಪಾದ ಕಲೆಯಿದ್ದು, ಅದು ತುರಿಸದೆ, ಮುಟ್ಟಿದರೂ ಚುಚ್ಚಿದರೂ ಅರಿವಾಗದಿದ್ದರೆ ಅದು ಕುಷ್ಠದ ಮೊದಲ ಗುರುತಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಮದ್ದಿದೆ, ಬೇಗ ಹೋದರೆ ಪೂರ್ತಿ ಗುಣವೂ ಇದೆ.

ಸಣ್ಣ ಸೀಳು, ದೊಡ್ಡ ಬಾಗಿಲು

'ತುರಿಕೆಯೇ ತಾನೇ, ಸಾಯುವಂಥದ್ದೇನಲ್ಲ' ಎನ್ನುವವರಿಗೆ ಒಂದು ಮಾತು. ತುರಿಕೆ ಕೊಲ್ಲುವುದಿಲ್ಲ. ಆದರೆ ತುರಿಸಿ ಮಾಡಿಕೊಂಡ ಸೀಳು ಬಾಗಿಲಾಗುತ್ತದೆ. 2022ರ ಆಗಸ್ಟ್ ಆರಂಭದಲ್ಲಿ ಸುರಿದ ಭಾರಿ ಮಳೆಗೆ ಕೊಲ್ಲಮೊಗ್ರು, ಕಲ್ಮಕಾರು, ಸುಬ್ರಹ್ಮಣ್ಯ ಭಾಗದ ಹೊಳೆಗಳು ಉಕ್ಕಿ ಮನೆ, ತೋಟಗಳಿಗೆ ನುಗ್ಗಿದ್ದನ್ನು ನೀವು ಮರೆತಿರಲಾರಿರಿ. ಇಂಥ ನೆರೆಯ ನೀರಿನಲ್ಲೂ ಮಳೆಗಾಲದ ತೋಟದ ಕೆಸರಿನಲ್ಲೂ ಇಲಿಯ ಮೂತ್ರ ಬೆರೆತಿರುತ್ತದೆ. ಇಲಿಜ್ವರದ ರೋಗಾಣು ಮೈಸೇರಲು ಬೆರಳ ಸಂದಿಯ ಒಂದು ಸೀಳು ಸಾಕು. ಅಂಥ ನೀರಿನಲ್ಲಿ ನಡೆದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಅಥವಾ ಹಳದಿಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, 'ಕೆಸರಿನಲ್ಲಿ ಕೆಲಸ ಮಾಡಿದ್ದೆ' ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಅದೇ ಸೀಳಿನಿಂದ ಕೀವಿನ ರೋಗಾಣು ಹೊಕ್ಕರೆ ಕಾಲು ಕೆಂಪಾಗಿ ಬಾತು, ಚಳಿಜ್ವರ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಕಾಲನ್ನೇ ಕಳೆದುಕೊಳ್ಳುವ ಹಂತಕ್ಕೂ ಹೋಗಬಹುದು. ಅವರಿಗೆ ಕಾಲಿನ ಅರಿವು ಕಡಿಮೆಯಾಗಿ ನೋವು ತಿಳಿಯುವುದಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆಯವರು ದಿನಕ್ಕೊಮ್ಮೆ ಬೆರಳ ಸಂದಿಯನ್ನು ಕಣ್ಣಾರೆ ನೋಡಿಕೊಳ್ಳಲೇಬೇಕು. ಬಗ್ಗಲಾಗದವರಿಗೆ ಮನೆಯವರು ನೋಡಲಿ.

ಆನೆಕಾಲು ರೋಗಿಗಳ ಅನುಭವವೂ ಇದನ್ನೇ ಹೇಳುತ್ತದೆ. ನೆರೆಯ ಕಾಸರಗೋಡಿನಲ್ಲಿರುವ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯು ಅಲೋಪತಿ, ಆಯುರ್ವೇದ, ಯೋಗಗಳನ್ನು ಸೇರಿಸಿ ಆನೆಕಾಲಿಗೆ ಚಿಕಿತ್ಸೆ ನೀಡಿ ಹೆಸರಾಗಿದೆ. ಅಲ್ಲಿನ ಚಿಕಿತ್ಸೆಯ ಮೊದಲ ಪಾಠವೇ ಕಾಲನ್ನು ಸಾಬೂನಿನಿಂದ ತೊಳೆದು ಚೆನ್ನಾಗಿ ಒಣಗಿಸುವುದು. ಬೆರಳ ಸಂದಿಯ ಸೀಳನ್ನು ಗುಣಪಡಿಸಿದರೆ ಪದೇ ಪದೇ ಬರುವ ಜ್ವರವೂ ಊತವೂ ತಗ್ಗುತ್ತವೆ. ಅಷ್ಟು ದೊಡ್ಡ ಕಾಯಿಲೆಗೇ ಇಷ್ಟು ಸರಳ ಪಾಠ ಅಗತ್ಯವಾದರೆ ನಮ್ಮ ನಿಮ್ಮ ಕಾಲಿಗೆ ಬೇಡವೇ?

ಮನೆಯಲ್ಲಿ ಮಾಡಬೇಕಾದದ್ದು

ಸಂಜೆ ತೋಟದಿಂದ ಬಂದೊಡನೆ ಸಾಬೂನಿನಿಂದ ಕಾಲು ತೊಳೆಯಿರಿ. ಹಳೆಯ ಹತ್ತಿಯ ಪಂಚೆಯ ತುಂಡಿನಿಂದ ಒಂದೊಂದು ಬೆರಳ ಸಂದಿಯನ್ನೂ ಒರಸಿ. ಇದಕ್ಕೆ ಎರಡು ನಿಮಿಷ ಸಾಕು. ಆ ಬಟ್ಟೆ ನಿಮಗೊಬ್ಬರಿಗೇ ಇರಲಿ, ಮನೆಗೆಲ್ಲ ಒಂದೇ ಬೇಡ. ಬೈರಾಸಿನಿಂದ ಮೊದಲು ಮೈ ಒರಸಿ, ಕಾಲನ್ನು ಕೊನೆಗೆ ಒರಸಿ. ಇಲ್ಲದಿದ್ದರೆ ಕಾಲಿನ ಬೂಷ್ಟು ತೊಡೆಸಂದಿಗೆ ಹೋಗುತ್ತದೆ.

ಕಾಲುಚೀಲವನ್ನು ದಿನವೂ ಬದಲಿಸಿ. ಮಳೆಗಾಲದಲ್ಲಿ ಬಿಸಿಲಿಲ್ಲವೆಂದು ಅರೆಬರೆ ಒಣಗಿದ್ದನ್ನು ಹಾಕಬೇಡಿ. ಒಲೆಯ ಮೇಲಿನ ಬಿಸಿಗೆ ಹಿಡಿಯಿರಿ, ಇಲ್ಲವೇ ಇಸ್ತ್ರಿ ಹಾಕಿ. ಸಾಧ್ಯವಿದ್ದರೆ ಎರಡು ಜತೆ ಗಂಬೂಟು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ. ಶಾಲೆಗೆ ಹೋಗುವ ಮಕ್ಕಳು ಒದ್ದೆ ಬೂಟಿನಲ್ಲಿ ದಿನವಿಡೀ ಕೂರುವ ಬದಲು ಮಳೆಗಾಲದಲ್ಲಿ ತೆರೆದ ಚಪ್ಪಲಿ ಹಾಕಿಕೊಳ್ಳಲು ಶಾಲೆಯವರು ಒಪ್ಪಿದರೆ ಅದೇ ಒಳ್ಳೆಯದು.

ಬೇವಿನ ಎಲೆ ಕುದಿಸಿದ ನೀರಿನಿಂದ ಕಾಲು ತೊಳೆಯುವುದರಿಂದ ಹಾನಿಯಿಲ್ಲ, ಹಿತವೂ ಆದೀತು. ಆದರೆ ಅದನ್ನೇ ನಂಬಿ ಬೂಷ್ಟಿನ ಮದ್ದು ಬಿಡಬೇಡಿ. ಸೀಮೆಎಣ್ಣೆ, ಸುಣ್ಣ, ಬ್ಲೀಚಿಂಗ್ ಪುಡಿ, ಜಜ್ಜಿದ ಬೆಳ್ಳುಳ್ಳಿ ಇವುಗಳಿಂದ ಚರ್ಮ ಸುಟ್ಟು ಹುಣ್ಣಾಗುತ್ತದೆ. ಕುದಿಯುವಷ್ಟು ಬಿಸಿನೀರು ಆ ಕ್ಷಣಕ್ಕೆ ಹಿತವೆನಿಸಿದರೂ ತುರಿಕೆಯನ್ನು ಹೆಚ್ಚಿಸುತ್ತದೆ. ಉಗುರು ಕತ್ತರಿಸಿಕೊಳ್ಳಿ.

ವೈದ್ಯರನ್ನು ಯಾವಾಗ ಕಾಣಬೇಕು?

ಎರಡು ವಾರ ಸರಿಯಾಗಿ ಆರೈಕೆ ಮಾಡಿದರೂ ಕಡಿಮೆಯಾಗದಿದ್ದರೆ, ಉಗುರು ಅಥವಾ ಅಂಗಾಲಿಗೆ ಹಬ್ಬಿದರೆ, ಮನೆಯಲ್ಲಿ ಹಲವರಿಗೆ ಬಂದರೆ, ಚರ್ಮದಲ್ಲಿ ಏನೂ ಕಾಣದೆ ತುರಿಸಿದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಗತ್ಯವಿದ್ದರೆ ಅವರು ಸುಳ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಗೋ ಕಳುಹಿಸುತ್ತಾರೆ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಜ್ವರ ಅಥವಾ ಊತ ಬಂದವರು ಎರಡು ವಾರ ಕಾಯಬಾರದು, ಕೂಡಲೇ ಹೋಗಬೇಕು. ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದದ್ದಾದರೂ ಸರಿ, ಜತೆಗೆ ಒಯ್ಯಿರಿ. ಸಂಕೋಚ ಬೇಡ. ವೈದ್ಯರಿಗೆ ಅರ್ಧ ಕಥೆ ಅವೇ ಹೇಳುತ್ತವೆ.

ಕೊನೆಯದಾಗಿ ಒಂದು ಸಣ್ಣ ಸಲಹೆ. ನೆನೆದ ಗಂಬೂಟು, ಬೂಟುಗಳೊಳಗೆ ರಾತ್ರಿ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುರುಕಿಟ್ಟರೆ ಬೆಳಗಾಗುವಷ್ಟರಲ್ಲಿ ಒಳಗಿನ ತೇವವನ್ನು ಅದು ಹೀರಿರುತ್ತದೆ. ಓದಿ ಮುಗಿಸಿದ ಮೇಲೆ ಈ ಪುಟವನ್ನೂ ಹಾಗೆ ಬಳಸಬಹುದು. ಆದರೆ ಗರ್ಭಿಣಿಯರ ಬಗ್ಗೆ ಬರೆದಿರುವ ಭಾಗವನ್ನು ಮನೆಯವರಿಗೆ ಓದಿ ಹೇಳಿದ ಮೇಲೆ.